ಸತ್ಯಾಂಶ: ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ 'ಚಾಲೆಂಜ್ ವೋಟ್' ಇಲ್ಲ

ಚುನಾವಣೆ ಬಂತೆಂದರೆ ವಾಟ್ಸ್ಆ್ಯಪ್‌ನಲ್ಲಿ ಈ ಸಂದೇಶ ಹರಿದಾಡುತ್ತದೆ: 'ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಆಧಾರ್ ತೋರಿಸಿ ಚಾಲೆಂಜ್ ವೋಟ್ ಹಾಕಿ.' ಇದು ಸುಳ್ಳು. ಹೆಸರಿಲ್ಲದಿದ್ದರೆ ಯಾವ ಗುರುತಿನ ಚೀಟಿಯೂ ನಡೆಯದು, ವೋಟರ್ ಐಡಿ ಕೂಡ.

ಚಾಲೆಂಜ್ ಮಾಡುವುದು ಮತದಾರರಲ್ಲ, ಅಭ್ಯರ್ಥಿಯ ಪರವಾಗಿ ಮತಗಟ್ಟೆಯಲ್ಲಿ ಕೂರುವ ಏಜೆಂಟ್. ಬಂದವರು ನಿಜವಾದ ಮತದಾರರೇ ಎಂಬ ಅನುಮಾನವಿದ್ದರೆ ಏಜೆಂಟ್ 2 ರೂಪಾಯಿ ಠೇವಣಿ ಇಟ್ಟು ಆಕ್ಷೇಪಿಸಬಹುದು. ನಿಮ್ಮ ಹೆಸರಲ್ಲಿ ಬೇರೆಯವರು ಮತ ಹಾಕಿ ಹೋಗಿದ್ದರೆ ಟೆಂಡರ್ ಮತ ಕೇಳಿ. ಅದು ಯಂತ್ರದಲ್ಲಲ್ಲ, ಕಾಗದದ ಮತಪತ್ರದಲ್ಲಿ.

ಸಂದೇಶ ನಂಬಿದವರು ಮತದಾನದ ದಿನವೇ ಪಟ್ಟಿ ಹುಡುಕುತ್ತಾರೆ. ನೋವಿನ ಸಂಗತಿಯೆಂದರೆ, ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮುಗಿದ ಮೇಲೆ ಆ ಚುನಾವಣೆಗೆ ಹೆಸರು ಸೇರಿಸುವಂತಿಲ್ಲ. ಪಟ್ಟಿಯಲ್ಲಿ ಹೆಸರಿದೆಯೇ ಎಂದು ಈಗಲೇ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ ವಿಚಾರಿಸಿ. ಹೊಸದಾಗಿ ಸೇರಲು ನಮೂನೆ 6. ಮನೆ ಬದಲಾಗಿದ್ದರೆ ನಮೂನೆ 8.