ಬಾಗಿಲಿಗೆ ಬಂದ ಬೋರ್ಡು

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದ ಎರಡನೇ ವಾರ ನಮ್ಮ ಬಾಗಿಲ ಹಿಡಿಗೆ ಯಾರೋ ಒಂದು ಪುಟ್ಟ ಮರದ ಬೋರ್ಡು ತೂಗುಹಾಕಿ ಹೋಗಿದ್ದರು. ‘ಕೇರ್‌ವೊಖೆ’ ಅಂತ ಬರೆದಿತ್ತು. ಏನೋ ಜಾಹೀರಾತು ಇರಬೇಕು, ಆದರೂ ಚೆನ್ನಾಗಿದೆ, ಎಸೆಯುವುದು ಬೇಡ ಅಂತ ಒಳಗೆ ತಂದು ಡ್ರಾಯರ್‌ನಲ್ಲಿ ಜೋಪಾನವಾಗಿ ಇಟ್ಟೆ.

ಹೊರಡುವ ಮುಂಚೆ ನಾನು ತಿಳಿದುಕೊಂಡು ಬಂದದ್ದೆಲ್ಲ ಬೇರೆ. ಟೈಮಿಗೆ ಸರಿಯಾಗಿ ಹೋಗಬೇಕು. ಕೆಂಪು ದೀಪ ಇದ್ದರೆ ರಸ್ತೆಯಲ್ಲಿ ಒಂದೇ ಒಂದು ಗಾಡಿ ಇಲ್ಲದಿದ್ದರೂ ನಿಲ್ಲಬೇಕು, ಪಕ್ಕದಲ್ಲಿ ಮಕ್ಕಳಿದ್ದರಂತೂ ಕಾಲು ಎತ್ತಲೂಬಾರದು. ಜರ್ಮನ್ ಭಾಷೆಯ ‘ಡು’ ಮತ್ತು ‘ಸೀ’ಯನ್ನು ಮಾತ್ರ ನಮಗೆ ಯಾರೂ ಕಲಿಸಬೇಕಿಲ್ಲ, ನಮ್ಮ ನೀನು, ನೀವು ಇದ್ದ ಹಾಗೇ. ಈ ಬೋರ್ಡಿನ ಬಗ್ಗೆ ಒಬ್ಬರೂ ಹೇಳಿರಲಿಲ್ಲ.

ಹತ್ತು ದಿನ ಆದ ಮೇಲೆ ಕೆಳಗಿನ ಮನೆ ಅಜ್ಜಿ ಬೆಲ್ ಮಾಡಿದರು. ಬೋರ್ಡು ಎಲ್ಲಿ? ಆಗ ಗೊತ್ತಾಯಿತು, ಇದಕ್ಕೂ ನಮ್ಮ ಮೊರದಲ್ಲಿ ಕೇರುವುದಕ್ಕೂ ಸಂಬಂಧವಿಲ್ಲ. ಕೇರ್ ಅಂದರೆ ಗುಡಿಸು, ವೊಖೆ ಅಂದರೆ ವಾರ. ಬೋರ್ಡು ಯಾರ ಬಾಗಿಲಲ್ಲಿದೆಯೋ ಅವರು ಆ ವಾರ ಮೆಟ್ಟಿಲು ಗುಡಿಸಿ, ಒರೆಸಿ, ಆಮೇಲೆ ಅದನ್ನು ಪಕ್ಕದ ಮನೆಗೆ ದಾಟಿಸಬೇಕು. ನಾನು ಡ್ರಾಯರಿಗೆ ಹಾಕಿದ್ದರಿಂದ ಇಡೀ ಬಿಲ್ಡಿಂಗಿನ ಸರದಿಯೇ ನಿಂತುಹೋಗಿತ್ತು. 15ನೇ ಶತಮಾನದಿಂದ ಬಂದ ಪದ್ಧತಿಯಂತೆ. ಊರಿನ ನಿಯಮದಿಂದ ಅದನ್ನು 1988ರಲ್ಲೇ ತೆಗೆದಿದ್ದಾರೆ, ಆದರೆ ಬಾಡಿಗೆ ಕರಾರುಗಳಲ್ಲಿ ಇನ್ನೂ ಗಟ್ಟಿಯಾಗಿ ಕೂತಿದೆ. ನನ್ನ ಕರಾರಿನಲ್ಲೂ ಇತ್ತು. ಸುಮ್ನೆ ಸಹಿ ಹಾಕಿದ್ದೆ.

ತಪ್ಪು ತಿದ್ದಿಕೊಳ್ಳೋಣ ಅಂತ ಆ ಭಾನುವಾರ ಬೆಳಿಗ್ಗೆಯೇ ಬಕೆಟ್ಟು, ಮಾಪು ಹಿಡಿದು ಹೊರಟೆ. ರಜಾದಿನ, ಪುರುಸೊತ್ತು ಜಾಸ್ತಿ, ಅಲ್ವಾ? ಮೂರು ಮೆಟ್ಟಿಲು ಒರೆಸಿರಲಿಲ್ಲ, ಅಜ್ಜಿ ಬಾಗಿಲು ತೆರೆದರು. “ಇವತ್ತು ಭಾನುವಾರ” ಅಂದರು, ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಅನ್ನುವ ದನಿಯಲ್ಲಿ. ಇಲ್ಲಿ ಭಾನುವಾರದ ವಿಶ್ರಾಂತಿಗೆ ಸಂವಿಧಾನದ ರಕ್ಷಣೆಯೇ ಇದೆ. ಜರ್ಮನಿಯ ಹಳೆಯ, 1919ರ ವೈಮಾರ್ ಸಂವಿಧಾನದ ಸಾಲನ್ನು ಈಗಲೂ ಉಳಿಸಿಕೊಂಡಿದ್ದಾರೆ. ಅಂಗಡಿ ಮುಚ್ಚಿರುತ್ತದೆ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಖಾಲಿ ಬಾಟಲಿಗಳನ್ನು ಬೀದಿಯ ಗಾಜಿನ ತೊಟ್ಟಿಗೂ ಹಾಕುವಂತಿಲ್ಲ, ಠಣ್ ಅಂತ ಸದ್ದಾಗುತ್ತದಲ್ಲ! ಬಕೆಟ್ಟು ಎತ್ತಿಕೊಂಡು ಬೆಕ್ಕಿನ ಹಾಗೆ ವಾಪಸ್ ಬಂದೆ.

ಬೇಜಾರಾಗಲಿಲ್ಲ ಅಂತಲ್ಲ. ಆದರೆ ಅಜ್ಜಿ ಎದುರಿಗೇ ಹೇಳಿದರು, ಅಲ್ಲಿಗೆ ಮುಗಿಯಿತು. ನಮ್ಮ ಕಡೆಯಾಗಿದ್ದರೆ “ಅಯ್ಯೋ, ಪರವಾಗಿಲ್ಲ ಬಿಡಿ” ಅಂತ ನಕ್ಕು, ಆರು ತಿಂಗಳು ಬೀದಿಯೆಲ್ಲ ಹೇಳಿಕೊಂಡು ಬರುತ್ತಿದ್ದರು. ಅಜ್ಜಿಯ ಮುಖ ನಿಜಕ್ಕೂ ಸಣ್ಣಗಾದದ್ದು ಒಂದೇ ಸಲ, ನಾನು ಅವರ ಹುಟ್ಟುಹಬ್ಬಕ್ಕೆ ಹಿಂದಿನ ದಿನವೇ ಶುಭಾಶಯ ಹೇಳಿದಾಗ. ಮುಂಚೆ ಹೇಳಿದರೆ ಅಪಶಕುನವಂತೆ.

“ಇಲ್ಲಿ ಒಂದು ದಿನ ಪೊರಕೆ ಮುಟ್ಟಿದವನಲ್ಲ” ಅಂತ ಅಮ್ಮ ವಿಡಿಯೋ ಕಾಲ್‌ನಲ್ಲಿ ನಗುತ್ತಾಳೆ. ಈಗ ನಮ್ಮ ಸರದಿ ಬಂದಾಗ ಶನಿವಾರವೇ ಮುಗಿಸುತ್ತೇನೆ. ಮೆಟ್ಟಿಲು ಕನ್ನಡಿಯ ಹಾಗೆ ಹೊಳೆಯುತ್ತಿದ್ದರೂ ಬಿಡುವುದಿಲ್ಲ. ಅಜ್ಜಿಯ ಮನೆ ಮುಂದೆ ಮಾತ್ರ ಬಕೆಟ್ಟನ್ನು ಸ್ವಲ್ಪ ಜೋರಾಗಿಯೇ ಕೆಳಗಿಡುತ್ತೇನೆ.