ಬಾಕಿ ತೆರಿಗೆ ಸೊನ್ನೆ, ದಂಡ ದಿನಕ್ಕೆ 250 ಡಾಲರ್!

ಹೊಟ್ಟೆ ಉರಿಯುತ್ತಿದೆ. ಇಲ್ಲಿ ಅಮೆರಿಕದಲ್ಲಿ ಒಬ್ಬನೇ ಸ್ವಂತ ಕೆಲಸ ಮಾಡಿಕೊಂಡಿದ್ದೇನೆ. ವಯಸ್ಸಾದಾಗ ಯಾರ ಮುಂದೆಯೂ ಕೈಚಾಚಬಾರದು ಅಂತ ಸೋಲೋ 401(ಕೆ) ಅನ್ನೋ, ಒಬ್ಬರೇ ಸ್ವಂತ ಕೆಲಸ ಮಾಡುವವರ ನಿವೃತ್ತಿ ಉಳಿತಾಯ ಖಾತೆಗೆ ವರ್ಷಾ ವರ್ಷಾ ದುಡ್ಡು ಹಾಕುತ್ತಾ ಬಂದಿದ್ದೇನೆ. ಏಪ್ರಿಲ್ 15 ದಾಟಿಸಿ ರಿಟರ್ನ್ ಹಾಕಿದವನಲ್ಲ. ಒಂದು ಸೆಂಟ್ ತೆರಿಗೆ ಉಳಿಸಿಕೊಂಡವನೂ ಅಲ್ಲ.

2025ರ ಫೆಬ್ರವರಿ 16ರ ಭಾನುವಾರ ಹಳೇ ಕಾಗದ ಜೋಡಿಸುತ್ತಿದ್ದಾಗ ಗೊತ್ತಾಯಿತು. ವರ್ಷದ ಕೊನೆಗೆ ಖಾತೆಯಲ್ಲಿ ಎರಡೂವರೆ ಲಕ್ಷ ಡಾಲರ್‌ಗಿಂತ ಜಾಸ್ತಿ ಇದ್ದರೆ 5500-ಇಝೀ ಅನ್ನೋ ಫಾರ್ಮ್ ಬೇರೆ ಹಾಕಬೇಕಂತೆ. ಆ ವರ್ಷ ಮುಗಿದ ಮೇಲೆ ಬರುವ ಜುಲೈ 31 ಕೊನೇ ದಿನ. 2023ರ ಡಿಸೆಂಬರ್ 31ಕ್ಕೆ ನನ್ನದು 2,53,400 ಇತ್ತು. ಷೇರುಪೇಟೆ ಏರಿತ್ತು, ಅದಕ್ಕೇ ಗೆರೆ ದಾಟಿತು. ಖಾತೆ ಇಟ್ಟುಕೊಂಡ ಕಂಪನಿಯಿಂದ ಒಂದು ಇಮೇಲ್ ಇಲ್ಲ. ನಾನು ಬಳಸುವ ತೆರಿಗೆ ಸಾಫ್ಟ್‌ವೇರ್ ಒಂದು ಪ್ರಶ್ನೆ ಕೇಳಲಿಲ್ಲ.

ಕ್ಯಾಲೆಂಡರ್ ಹಿಡಿದು ಎಣಿಸಿದೆ. ಸರಿಯಾಗಿ 200 ದಿನ ತಡ. ದಿನಕ್ಕೆ 250ರಂತೆ ಐವತ್ತು ಸಾವಿರ ಡಾಲರ್! ಕೂಡಿಟ್ಟಿದ್ದರಲ್ಲಿ ಐದನೇ ಒಂದು ಪಾಲು! ಅವತ್ತು ರಾತ್ರಿ ನಾನೂ ಮಲಗಲಿಲ್ಲ, ಹೆಂಡತಿಯೂ ಮಲಗಲಿಲ್ಲ.

ಈ ಫಾರ್ಮ್‌ನಿಂದ ಸರ್ಕಾರಕ್ಕೆ ಬರಬೇಕಾದ ತೆರಿಗೆ ಏನೂ ಇಲ್ಲ. ಬರೀ ಮಾಹಿತಿ. ಆದಾಯ ತೆರಿಗೆ ರಿಟರ್ನ್ ತಡವಾದರೆ ದಂಡ ಬೀಳೋದು ಬಾಕಿ ತೆರಿಗೆಯ ಮೇಲೆ, ತಿಂಗಳಿಗೆ ಶೇ. 5, ಹೆಚ್ಚೆಂದರೆ ಶೇ. 25. ಬಾಕಿ ಇಲ್ಲ ಅಂದ್ರೆ ಆ ದಂಡವೂ ಇಲ್ಲ. ಇಲ್ಲಿ ಮಾತ್ರ ಯಾರಿಗೂ ಏನೂ ನಷ್ಟ ಆಗದಿದ್ದರೂ ಮೀಟರ್ ಓಡುತ್ತಲೇ ಇರುತ್ತದೆ, ಒಂದೂವರೆ ಲಕ್ಷದವರೆಗೆ. 2019ರ ಕಾನೂನಿಗೆ ಮುಂಚೆ ಇದು ದಿನಕ್ಕೆ 25, ಗರಿಷ್ಠ 15,000 ಇತ್ತು. ಒಂದೇ ಏಟಿಗೆ ಹತ್ತು ಪಟ್ಟು ಮಾಡಿದರು. ನೂರಾರು ಜನ ಕೆಲಸಕ್ಕಿರುವ ಕಂಪನಿಗೂ ಅದೇ ದರ, ಒಬ್ಬನೇ ದುಡಿಯುವ ನನಗೂ ಅದೇ ದರ. ಇದು ಯಾವ ನ್ಯಾಯ?

ತಪ್ಪಿಸಿಕೊಳ್ಳಲು ಒಂದು ದಾರಿ ಇದೆ. ತಡವಾದ ಪ್ರತಿ ಫಾರ್ಮ್‌ಗೆ 500 ಡಾಲರ್, ಒಂದು ಪ್ಲಾನ್‌ಗೆ, ಅಂದ್ರೆ ಇಂಥ ಒಂದು ನಿವೃತ್ತಿ ಯೋಜನೆಗೆ, ಹೆಚ್ಚೆಂದರೆ 1,500 ಕಟ್ಟಿದರೆ ದೊಡ್ಡ ದಂಡ ಬಿಡುತ್ತಾರೆ. ಆದರೆ ದಂಡದ ನೋಟಿಸ್ ಬರೋದಕ್ಕೆ ಮುಂಚೆ ಕಳಿಸಬೇಕು. ನಾಲ್ಕು ದಿನ ಅಂಚೆ ಪೆಟ್ಟಿಗೆ ತೆಗೆಯುವಾಗೆಲ್ಲ ಕೈ ನಡುಗಿದೆ. ಆನ್‌ಲೈನ್ ಆಗಲ್ಲ, ಕಾಗದದಲ್ಲೇ ಹೋಗಬೇಕು. ಮೊದಲ ಪುಟದ ಮೇಲೆ, ಇದು ತಡವಾದ ರಿಟರ್ನ್ ಅಂತ ಕೆಂಪು ಅಕ್ಷರದಲ್ಲೇ ಬರೆಯಬೇಕು. ಬರೆದೆ. ಯಾವುದೋ ಅಪರಾಧ ಒಪ್ಪಿಕೊಂಡು ಸಹಿ ಹಾಕಿದ ಹಾಗಾಯಿತು. ಚೆಕ್ ಇಟ್ಟು ರಿಜಿಸ್ಟರ್ ಮಾಡಿ ಕಳಿಸಿದ್ದೇನೆ.

ಇಂಥ ಖಾತೆ ಇರುವವರು ದಯವಿಟ್ಟು ಡಿಸೆಂಬರ್ 31ರ ಸ್ಟೇಟ್‌ಮೆಂಟ್ ಇವತ್ತೇ ತೆಗೆದು ನೋಡಿ. ಗಂಡ ಹೆಂಡತಿ ಇಬ್ಬರೂ ಅದೇ ಪ್ಲಾನ್‌ನಲ್ಲಿದ್ದರೆ ಇಬ್ಬರದ್ದೂ ಸೇರಿಸಿ ಲೆಕ್ಕ ಹಾಕಿ. ಖಾತೆ ಮುಚ್ಚುತ್ತಿದ್ದರಂತೂ ದುಡ್ಡು ಎಷ್ಟೇ ಕಡಿಮೆ ಇರಲಿ, ಕೊನೇ ಫಾರ್ಮ್ ಹಾಕಲೇಬೇಕು. ಅದನ್ನೂ ನನಗೆ ಯಾರೂ ಹೇಳಿರಲಿಲ್ಲ.