ಬೆಟ್ಟದ ನೋಟಕ್ಕೆ ಬೇರೆ ದರ

2025ರ ಆಗಸ್ಟ್ 31ರಿಂದ ಆಸ್ತಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದ ಕತೆ ಓದುಗರಿಗೆ ಹೊಸದಲ್ಲ. ನೆರೆರಾಜ್ಯಗಳಿಗಿಂತ ನಮ್ಮಲ್ಲಿ ಇನ್ನೂ ಕಡಿಮೆಯೇ ಎಂಬ ಸಮರ್ಥನೆಯನ್ನೂ ಕೇಳಿದ್ದಾಗಿದೆ. ಪಕ್ಕದ ಮನೆಯವರ ಜೇಬನ್ನು ಇನ್ನೂ ಉದ್ದಕ್ಕೆ ಕತ್ತರಿಸಿದ್ದಾರೆ ಎಂದಮೇಲೆ, ನಮ್ಮ ಜೇಬಿಗೆ ಬಿದ್ದ ಕತ್ತರಿಯನ್ನು ಹೊಲಿಗೆಯೆಂದೇ ತಿಳಿದು ಸಂತೋಷಪಡಬೇಕು.

ಈ ಸಂತೋಷದ ಲೆಕ್ಕ ನನಗೆ ಸಿಕ್ಕಿದ್ದು, ಮುಂದಿನ ವರ್ಷ ನಿವೃತ್ತನಾಗಲಿರುವ ನನ್ನ ಭಾವಮೈದನ ದೆಸೆಯಿಂದ. ಐವತ್ತು ಲಕ್ಷದ ಬಜೆಟ್ ಹಾಕಿಕೊಂಡ ಆತ, ನಂಜನಗೂಡು ರಸ್ತೆಯ ಕಡೆ ಸರಿಯಾಗಿ ಐವತ್ತು ಲಕ್ಷದ ನಿವೇಶನವನ್ನೇ ಹುಡುಕಿದ. ಮಿಕ್ಕದ್ದೆಲ್ಲ ಚಿಲ್ಲರೆ ಖರ್ಚು ಎಂಬುದು ಅವನ ಅರ್ಥಶಾಸ್ತ್ರ. ಆ ಚಿಲ್ಲರೆಯನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಕೂಡಿಸಿದೆ. ಮುದ್ರಾಂಕ ಶುಲ್ಕ ಶೇ 5ರಂತೆ ಎರಡೂವರೆ ಲಕ್ಷ, ಆ ಶುಲ್ಕದ ಮೇಲೆ ಶೇ 10 ಸೆಸ್ಸು, ಪಂಚಾಯಿತಿ ವ್ಯಾಪ್ತಿಯಾದ್ದರಿಂದ ಅದೇ ಶುಲ್ಕದ ಮೇಲೆ ಶೇ 3 ಸರ್‌ಚಾರ್ಜು, ನೋಂದಣಿಗೆ ಒಂದು ಲಕ್ಷ: ಒಟ್ಟು 3,82,500 ರೂಪಾಯಿ. ಬ್ಯಾಂಕು ಸಾಲ ಕೊಡುವಾಗ ಈ ಹಣವನ್ನು ಬೆಲೆಗೆ ಸೇರಿಸುವುದಿಲ್ಲವಾದ್ದರಿಂದ ಅಷ್ಟನ್ನೂ ಕೈಯಿಂದಲೇ ಹಾಕಬೇಕು. ಅಂದಹಾಗೆ, ನಗರದೊಳಗಾದರೆ ಸರ್‌ಚಾರ್ಜು ಶೇ 2 ಮಾತ್ರ. ಚರಂಡಿ, ಬೀದಿದೀಪ ಇರುವ ಕಡೆ ಕಡಿಮೆ, ಇಲ್ಲದ ಕಡೆ ಹೆಚ್ಚು, ಕತ್ತಲೆಗೂ ಬೆಲೆಯಿದೆ.

ಭಾನುವಾರ ಬಡಾವಣೆಯವರದೇ ವ್ಯಾನಿನಲ್ಲಿ ಹೋಗಿ ನೋಡಿದೆವು. ಅರಮನೆಯ ಬಾಗಿಲನ್ನು ನಾಚಿಸುವ ಕಮಾನು, ಅದರಾಚೆ ಹಳದಿ ಬಳಿದ ಗಡಿಕಲ್ಲುಗಳು, ನಕ್ಷೆಯಲ್ಲಿ ಕ್ಲಬ್ ಹೌಸ್ ಎಂದಿದ್ದ ಜಾಗದಲ್ಲಿ ಮೆಲುಕು ಹಾಕುತ್ತಿದ್ದ ಎರಡು ಎಮ್ಮೆಗಳು. ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ ಹತ್ತೇ ನಿಮಿಷವಂತೆ. ಅಲ್ಲಿಂದ ಯಾವ ವಿಮಾನ ಎಲ್ಲಿಗೆ ಹೋಗುತ್ತದೆಂದು ಕೇಳುವುದು ಅಶುಭ. ಮೂಲೆ ನಿವೇಶನಕ್ಕೆ ಒಂದು ದರ, ಪೂರ್ವದ ಬಾಗಿಲಿಗೆ ಇನ್ನೊಂದು, ಚಾಮುಂಡಿ ಬೆಟ್ಟ ಕಾಣುವ ಸಾಲಿಗೆ ಚದರಡಿಗೆ ಇನ್ನೂರು ರೂಪಾಯಿ ಹೆಚ್ಚು. ಬಟ್ಟೆ ಒಣಹಾಕಲು ತಾರಸಿ ಹತ್ತಿದರೆ ಮೈಸೂರಿನ ಅರ್ಧ ಊರಿಗೆ ಪುಕ್ಕಟೆ ಕಾಣುವ ಬೆಟ್ಟವದು. ತಾಯಿಗೆ ಇದರಲ್ಲಿ ಪಾಲು ಹೋಗುತ್ತದೆಯೇ ಎಂದು ಕೇಳಿದ್ದಕ್ಕೆ, ನಿವೇಶನ ತೋರಿಸುತ್ತಿದ್ದ ಅವರ ಹುಡುಗ ನನ್ನ ತಟ್ಟೆಗೆ ಇನ್ನೊಂದು ಸೌಟು ಕೇಸರಿಬಾತು ಹಾಕಿದ.

ಇದೇ ಊರಿನಲ್ಲಿ, ಪ್ಲೇಗು ಬಂದು ಜನರನ್ನು ನಡುಗಿಸಿದ ಮೇಲೆ, 1903ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಹುಟ್ಟಿತು. ಆ ಕಾಲದವರಿಗೆ ಬಡಾವಣೆಯೆಂದರೆ ಮೊದಲು ಗಾಳಿ, ಬೆಳಕು, ಚರಂಡಿ. ಕಮಾನು ಅವರಿಗೆ ಹೊಳೆದಿರಲಿಲ್ಲ, ಪಾಪ.

ನಗುತ್ತ ಬರೆಯಲು ಕುಳಿತವನಿಗೆ ಇಲ್ಲಿ ನಗು ಬರುತ್ತಿಲ್ಲ. ಮೂವತ್ತು ವರ್ಷ ದುಡಿದವನ ಭವಿಷ್ಯನಿಧಿಯನ್ನು ಒಂದು ಮಧ್ಯಾಹ್ನದಲ್ಲಿ ಕೀಳುತ್ತಾರೆ. ನೀರು ಎಲ್ಲಿಂದ ಎಂದರೆ ಕೊಳವೆಬಾವಿ ಎನ್ನುತ್ತಾರೆ, ಅದು ಬತ್ತಿದರೆ ಟ್ಯಾಂಕರ್ ಎನ್ನುತ್ತಾರೆ. ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವ ಮೊದಲು ಕರಾರು ಬರೆದು ನೋಂದಾಯಿಸಬೇಕೆಂದು, ಮನೆ-ನಿವೇಶನ ಮಾರುವವರಿಗೆ ಮೂಗುದಾರ ಹಾಕಲೆಂದೇ ಇರುವ ರೇರಾ ಕಾಯ್ದೆ ಹೇಳುತ್ತದೆ, ಹೇಳಿಕೊಂಡು ಸುಮ್ಮನಿರುತ್ತದೆ. ದುಪ್ಪಟ್ಟು ಶುಲ್ಕ ಎಣಿಸಿಕೊಳ್ಳುವವರು ಯಾರೂ ಈ ಮಣ್ಣಿನ ಮೇಲೆ ಬಂದು ನಿಂತು ನೋಡುವುದಿಲ್ಲ.

ನಿನ್ನೆ ಭಾವಮೈದ ಫೋನು ಮಾಡಿದ್ದ. ಆರು ಲಕ್ಷ ಟೋಕನ್ ಕೊಟ್ಟು ಬಂದಿದ್ದಾನೆ, ಕರಾರು ಆಮೇಲಂತೆ. ರಸೀದಿಯನ್ನು ಆ ಹುಡುಗ ತನ್ನ ವಿಸಿಟಿಂಗ್ ಕಾರ್ಡಿನ ಹಿಂದೆಯೇ ಬರೆದುಕೊಟ್ಟಿದ್ದಾನೆ. ನೀರಿನ ವಿಷಯ ಏನಾಯಿತೆಂದು ಕೇಳಿದೆ.

“ಬೆಟ್ಟ ಚೆನ್ನಾಗಿ ಕಾಣುತ್ತೆ ಭಾವ, ನೀವೇ ನೋಡಿದ್ರಲ್ಲ” ಎಂದ.